ಯಾವ ಟೈಪ್ ಅಂತ ಗೊತ್ತಿಲ್ಲದ ಎಕ್ಸ್‌ಎಂಎಲ್ ಓದುವುದು ಹೇಗೆ? ಅನುಭವ ಇದ್ದವರು ಹೇಳಿ

ತೊಗರಿಕಣಜ, ಕಲಬುರಗಿ: ದಾಲ್ ಮಿಲ್‌ಗಳಿಗೆ ಸಿ-ಶಾರ್ಪ್‌ನಲ್ಲಿ ಪ್ರೋಗ್ರಾಂ ಮಾಡಿಕೊಟ್ಟಿದ್ದೇನೆ. ಬಿಲ್, ಪಾವತಿ, ಸ್ಟಾಕ್ ಎಲ್ಲ ಒಂದೇ ಫೋಲ್ಡರ್‌ಗೆ ಎಕ್ಸ್‌ಎಂಎಲ್ (ಟ್ಯಾಗ್ ಹಾಕಿ ಮಾಹಿತಿ ಬರೆದ ಫೈಲ್) ಆಗಿ ಬೀಳುತ್ತವೆ. ತೆರೆಯುವವರೆಗೂ ಯಾವ ಕ್ಲಾಸ್ (ಕೋಡ್‌ನಲ್ಲಿ ಆ ಮಾಹಿತಿಯ ಅಚ್ಚು) ಅಂತ ಗೊತ್ತಾಗುವುದಿಲ್ಲ. ನೀವೆಲ್ಲ ಏನು ಮಾಡುತ್ತೀರಿ?

ಸೇಡಂ ರಸ್ತೆ: ಎಕ್ಸ್‌ಎಂಎಲ್‌ರೀಡರ್‌ನಲ್ಲಿ ಮೂವ್‌ಟುಕಂಟೆಂಟ್ ಕರೆದರೆ ರೂಟ್ (ಎಲ್ಲಕ್ಕಿಂತ ಹೊರಗಿನ ಟ್ಯಾಗ್) ಹೆಸರು ಸಿಗುತ್ತದೆ. ಡಿಕ್ಷನರಿಯಲ್ಲಿ ಹೆಸರಿಗೊಂದು ಕ್ಲಾಸ್, ಅಷ್ಟೇ. ನಮಗೆ ತಲೆನೋವು ಬಂದದ್ದು ಊರಿನ ಹೆಸರಿಂದ. 2014ರಲ್ಲಿ ಗುಲ್ಬರ್ಗಾ ಹೋಗಿ ಕಲಬುರಗಿ ಆಯ್ತಲ್ಲ, ಹಳೇ ಫೈಲಿನ ರೂಟ್ ‘ಗುಲ್ಬರ್ಗಾಸ್ಟಾಕ್’, ಹೊಸದರದ್ದು ‘ಕಲಬುರಗಿಸ್ಟಾಕ್’. ಕ್ಲಾಸ್ ಒಂದೇ. ನನಗಿಂತ ಮುಂಚೆ ಇದ್ದವರು ಪ್ರತಿ ಫೈಲಿಗೂ ರೂಟ್ ಹೆಸರು ಹೇಳುವ ಎಕ್ಸ್‌ಎಂಎಲ್‌ರೂಟ್‌ಆಟ್ರಿಬ್ಯೂಟ್ ಕೊಟ್ಟು ಹೊಸ ಸೀರಿಯಲೈಸರ್ (ಫೈಲನ್ನು ಕ್ಲಾಸಿಗೆ ತುಂಬಿಕೊಡುವ ಭಾಗ) ಹುಟ್ಟಿಸಿದ್ದರು. ಬರೀ ಟೈಪ್ ಕೊಟ್ಟರೆ ಆ ಸೀರಿಯಲೈಸರನ್ನು ಸಿ-ಶಾರ್ಪ್ ಓಡಿಸುವ ಡಾಟ್‌ನೆಟ್ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ. ಆಟ್ರಿಬ್ಯೂಟ್ ಸಮೇತ ಮಾಡಿದ್ದನ್ನು ಇಟ್ಟುಕೊಳ್ಳುವುದಿಲ್ಲ, ಪ್ರತಿಸಲ ಒಂದು ಅಸೆಂಬ್ಲಿ (ಕಂಪೈಲ್ ಆದ ಕೋಡ್ ತುಂಡು) ಮೆಮೊರಿಗೆ ಸೇರುತ್ತದೆ, ಇಳಿಯುವುದೇ ಇಲ್ಲ. ಜನವರಿ ತೊಗರಿ ಸುಗ್ಗಿಯಲ್ಲಿ ಬೆಳಿಗ್ಗೆ 200 ಎಂಬಿ ಇದ್ದದ್ದು ಮಿಲ್ ಬಂದ್ ಆಗುವ ಹೊತ್ತಿಗೆ 3 ಜಿಬಿ! ಮಾಲೀಕರು 2,600 ಕೊಟ್ಟು ರ‍್ಯಾಮ್ ಹಾಕಿಸಿದರು. ಆಮೇಲೆ ಸರ್ವರ್ ಬಾಡಿಗೆ ತಿಂಗಳಿಗೆ 1,100ರಿಂದ 2,400ಕ್ಕೆ ಏರಿತು. ನಾನು ಬಂದು ಸೀರಿಯಲೈಸರ್‌ಗಳನ್ನೇ ಡಿಕ್ಷನರಿಯಲ್ಲಿಟ್ಟೆ, ನಿಂತಿತು. ಬಾಡಿಗೆ ಮಾತ್ರ ಇಳಿದಿಲ್ಲ.

ಬೀದರ್ ಕೋಟೆ: ಇದೆಲ್ಲ ಡಾಟ್‌ನೆಟ್ ಗೋಳು. ಜಾವಾದ ಎಕ್ಸ್‌ಸ್ಟ್ರೀಮ್ ಲೈಬ್ರರಿಗೆ ಕೊಡಿ, ಟ್ಯಾಗ್ ನೋಡಿ ತಾನೇ ಆಬ್ಜೆಕ್ಟ್ ಮಾಡುತ್ತದೆ. ವರ್ಷಗಳಿಂದ ಓಡುತ್ತಿದೆ.

ಯಾದಗಿರಿಯವ: ಹೊರಗಿನವರ ಫೈಲ್ ಹೇಳಿದ ಕ್ಲಾಸನ್ನು ಸುಮ್ನೆ ನಂಬುವುದಾ? ಆ ದಾರಿಯಿಂದ ಸರ್ವರ್ ಮೇಲೆ ಕಮಾಂಡ್ ಓಡಿಸಬಹುದು ಅಂತ 2013ರಲ್ಲೇ ಬಯಲಾಗಿದೆ. 1.4.18ರಿಂದ ಅನುಮತಿ ಕೊಡದ ಕ್ಲಾಸನ್ನು ಎಕ್ಸ್‌ಸ್ಟ್ರೀಮ್ ಮುಟ್ಟುವುದಿಲ್ಲ. ನಿಮ್ಮದು ಯಾವ ವರ್ಷನ್?

ಬೀದರ್ ಕೋಟೆ: ನಮ್ಮದು ಆಫೀಸ್ ಒಳಗಿನ ನೆಟ್‌ವರ್ಕ್ ರೀ. ಹೆದರಿಸಬೇಡಿ.

ಯಾದಗಿರಿಯವ: ವರ್ಷನ್ ಕೇಳಿದೆ.

ಬೀದರ್ ಕೋಟೆ: 1.4.6. ಏನೀಗ?

ಜಮಾಖರ್ಚು: ರೂಟ್ ನೋಡುವುದು ಎಲ್ಲಾ ಕಡೆ ನಡೆಯುವುದಿಲ್ಲ. ನಮಗೆ ಬರುವ ಲೆಕ್ಕದ ಫೈಲ್‌ಗಳ ರೂಟ್ ಯಾವಾಗಲೂ ‘ಎನ್ವಲಪ್’. ಒಳಗಿಳಿದು ವೋಚರ್ರೋ ಲೆಡ್ಜರ್ರೋ ನೋಡಬೇಕು. ಮೇಲಿಂದ ಗುಂಪಿನ ಹೆಸರಿನ ಮುಂದೆ 4ನೇ ನಂಬರಿನ, ಕಣ್ಣಿಗೆ ಕಾಣದ ಕಂಟ್ರೋಲ್ ಅಕ್ಷರ ಬೇರೆ. ಎಕ್ಸ್‌ಎಂಎಲ್ 1.0ರಲ್ಲಿ ಅದಕ್ಕೆ ಜಾಗವಿಲ್ಲ, ಫೈಲ್ ಓದುವ ಪಾರ್ಸರ್ ಅಲ್ಲೇ ಕೂತುಬಿಡುತ್ತದೆ. ಚೆಕ್‌ಕ್ಯಾರೆಕ್ಟರ್ಸ್ ಫಾಲ್ಸ್ ಮಾಡಿ, ಅಕ್ಷರ ತಪಾಸಣೆ ನಿಲ್ಲುತ್ತದೆ.

ಸೇಡಂ ರಸ್ತೆ: ಮಾಡಿದರೆ ಆ ಕಸ ಡೇಟಾಬೇಸ್‌ಗೇ ಬರುತ್ತದೆ. ಮೊದಲೇ ಅಳಿಸಿ.

ಜಮಾಖರ್ಚು: 80 ಎಂಬಿ ಫೈಲನ್ನು ಎರಡೆರಡು ಸಲ ಓದಲಾ? ನಿಮ್ಮ 3 ಜಿಬಿ ಹೇಗಾಯಿತು ಅಂತ ಈಗ ತಿಳಿಯಿತು.

ಸೇಡಂ ರಸ್ತೆ: ಅದು ನಾನು ಬರೆದ ಕೋಡ್ ಅಲ್ಲ ಅಂದೆನಲ್ಲ!

ತೊಗರಿಕಣಜ: ಸರ್, ನನ್ನ ಫೈಲ್‌ಗಳಿಗೆಲ್ಲ ರೂಟ್ ‘ಡಾಕ್ಯುಮೆಂಟ್’ ಅಂತಲೇ ಇದೆ. ಅದರ ಮೇಲೆ ಎಕ್ಸ್‌ಎಸ್‌ಐ ಟೈಪ್ ಅಂತ ಒಂದು ಆಟ್ರಿಬ್ಯೂಟ್ ಇದೆ...

ಯಾದಗಿರಿಯವ: ಮೊದಲೇ ಹೇಳಬಾರದಾ? ಯಾವ ಕ್ಲಾಸ್ ಅಂತ ಆ ಆಟ್ರಿಬ್ಯೂಟೇ ಹೇಳುತ್ತದೆ. ಬೇಸ್ ಕ್ಲಾಸ್ (ಎಲ್ಲಕ್ಕೂ ಮೂಲವಾದ ಕ್ಲಾಸ್) ಮೇಲೆ ಉಳಿದ ಪ್ರತಿ ಕ್ಲಾಸಿಗೂ ಎಕ್ಸ್‌ಎಂಎಲ್‌ಇನ್‌ಕ್ಲೂಡ್ ಹಾಕಿ. ಬೀದರ್ ಸರ್, 1.4.6 ಬದಲಾಯಿಸಿದಿರಾ?

ಬೀದರ್ ಕೋಟೆ: ಬಜೆಟ್ ಮಂಜೂರಾಗಲಿ.

ಯಾದಗಿರಿಯವ: ಎಕ್ಸ್‌ಸ್ಟ್ರೀಮ್ ಪುಕ್ಕಟೆ ಅಲ್ವಾ?