ಹಳೇ ಪಿಕಪ್ ಮುಂದೆ ಎತ್ತರಿಸಿದ ಮೇಲೆ ಬಲಕ್ಕೆ ಎಳೆಯುತ್ತಿದೆ, ಅಲೈನ್‌ಮೆಂಟ್ ನಿಲ್ಲುತ್ತಿಲ್ಲ

ಹಳೇಗಾಡಿ:
ಸಾಕಾಗಿ ಹೋಗಿದೆ. ಪಿಕಪ್‌ನ ಮೂತಿ ತಗ್ಗಿತ್ತು ಅಂತ ಹಿಂಭಾಗದ ಮಟ್ಟಕ್ಕೆ ಎತ್ತರಿಸಿದೆ. ನೋಡೋಕೆ ಚೆನ್ನಾಗಿದೆ, ಓಡಿಸೋಕೆ ಆಗ್ತಿಲ್ಲ. ಬಲಕ್ಕೆ ಎಳೆಯುತ್ತದೆ. ಸ್ಪೀಡ್ ಏರಿದರೆ ಅತ್ತ ಇತ್ತ ತೇಲುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರಲ್ಲ. ಅಲೈನ್‌ಮೆಂಟ್ ಮಾಡಿಸಿದರೆ ಸ್ವಲ್ಪ ದಿನ ಸರಿ, ಆಮೇಲೆ ಮತ್ತೆ ಅದೇ ರಾಗ. ಹೊಸ ಟೈರಿನ ಅಂಚು ಆಗಲೇ ಸವೆಯುತ್ತಿದೆ. ಯಾರಾದರೂ ದಾರಿ ಹೇಳಿ.

ಟಾರ್ಕ್‌ರಾಯ:
ಕ್ಯಾಸ್ಟರ್. ಬೇರೆ ಏನೂ ಅಲ್ಲ. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನ ಅದು. ಮುಂದೆ ಎತ್ತಿದಾಗ ಕ್ಯಾಸ್ಟರ್ ಕಡಿಮೆಯಾಗುತ್ತದೆ. ತೇಲುವುದು, ಸ್ಟೀರಿಂಗ್ ವಾಪಸ್ ಬಾರದಿರುವುದು ಎರಡೂ ಅದರದೇ ಲಕ್ಷಣ. ಆಕ್ಸಲ್ ಮತ್ತು ಲೀಫ್ (ಪಟ್ಟಿಗಳ ಸ್ಪ್ರಿಂಗ್) ನಡುವೆ ಇಳಿಜಾರಿನ ಶಿಮ್, ಅಂದರೆ ಬೆಣೆಯಂಥ ತಗಡು, ಹಾಕಿಸಿ. ಆಕ್ಸಲ್ ಸ್ವಲ್ಪ ಹಿಂದಕ್ಕೆ ವಾಲುತ್ತದೆ, ಕ್ಯಾಸ್ಟರ್ ವಾಪಸ್ ಬರುತ್ತದೆ. ಅರ್ಧ ದಿನದ ಕೆಲಸ.

ಗ್ರೀಸ್‌ಕೈ:
ಯಾವ ಗಾಡಿ? ಯಾವ ವರ್ಷ? ಮುಂದೆ ಏನಿದೆ, ಲೀಫಾ, ಕಾಯಿಲಾ, ಟಾರ್ಶನ್ ಬಾರಾ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು)? ಎಷ್ಟು ಎತ್ತಿದ್ದೀರಿ? ಅಲೈನ್‌ಮೆಂಟ್ ಚೀಟಿ ಇದ್ದರೆ ಅಂಕಿ ಹಾಕಿ.

ಟಾರ್ಕ್‌ರಾಯ:
ಯಾವ ಗಾಡಿಯಾದರೇನು ಸಾರ್, ಕ್ಯಾಸ್ಟರ್ ಕ್ಯಾಸ್ಟರೇ. ಶಿಮ್‌ನ ದಪ್ಪ ತುದಿ ಯಾವ ಕಡೆ ಬರಬೇಕು ಅನ್ನೋದು ನೋಡಿಕೊಳ್ಳಿ, ಉಲ್ಟಾ ಹಾಕಿದರೆ ಇನ್ನೂ ಕೆಡುತ್ತದೆ. ಯೂ ಬೋಲ್ಟ್ ಹಳೇದನ್ನೇ ಮತ್ತೆ ಬಿಗಿಯಬೇಡಿ, ಹೊಸದು ಹಾಕಿ.

ಹಳೇಗಾಡಿ:
ಲೀಫ್ ಎಲ್ಲಿಂದ ಬಂತು? ಟೊಯೊಟಾ ಹೈಲಕ್ಸ್ ಅಲ್ವಾ ನನ್ನದು. 1994, ಫೋರ್‌ವೀಲ್ ಡ್ರೈವ್. ಟಾರ್ಶನ್ ಬಾರ್ ಬೋಲ್ಟ್ ತಿರುಗಿಸಿ ಎತ್ತಿದ್ದು.

ಗ್ರೀಸ್‌ಕೈ:
ಹೈಲಕ್ಸ್ ಅಂತ ಹೇಳಿದ್ದು ಈಗ ತಾನೇ. ಆ ಕಾಲದ ಹೈಲಕ್ಸ್ ಫೋರ್‌ವೀಲ್ ಡ್ರೈವ್‌ನಲ್ಲಿ ಗಟ್ಟಿ ಆಕ್ಸಲ್ ಜೊತೆ ಲೀಫ್ ಇದ್ದದ್ದೂ ಬಂದಿದೆ, ಟಾರ್ಶನ್ ಬಾರ್ ಇದ್ದದ್ದೂ ಬಂದಿದೆ. ಟಾರ್ಕ್‌ರಾಯರ ಶಿಮ್ ನಿಮ್ಮ ಗಾಡಿಗೆ ಹಾಕೋಕೆ ಜಾಗವೇ ಇಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯ್ತು.

ಟಾರ್ಕ್‌ರಾಯ:
ಶಿಮ್ ಬೇಡ, ಸರಿ. ಆದರೂ ಕ್ಯಾಸ್ಟರೇ. ಚಕ್ರ ಹಿಡಿದಿರುವ ಲೋಯರ್ ಆರ್ಮ್‌ನ ಕ್ಯಾಮ್ ಬೋಲ್ಟ್ (ಕೋನ ಹೊಂದಿಸುವ ಬೋಲ್ಟ್) ತಿರುಗಿಸಿ ಸರಿ ಮಾಡಿಸಿ.

ಮಣ್ಣುದಾರಿ:
ಬೋಲ್ಟ್ ತಿರುಗಿಸಿ ಎತ್ತಿದರೆ ಬಾರ್ ಬಿಗಿಯಾಗುತ್ತದೆ, ಗಾಡಿ ಕುಕ್ಕುತ್ತದೆ. ಅದಕ್ಕೇ ನಾನು ದಪ್ಪ ಬಾರ್ ಹಾಕಿಸಿದೆ. ಜೊತೆಗೆ ಹೊಸ ಶಾಕ್, ಅಗಲದ ರಿಮ್, 33 ಇಂಚಿನ ಟೈರ್. ಬಂಡೆ ಮೇಲೆ ಹತ್ತಿಸಿದರೂ ಅಲುಗಾಡಲ್ಲ.

ಗ್ರೀಸ್‌ಕೈ:
ಬಾರ್ ಬಿಗಿಯಾಗಲ್ಲ ಗುರು. ಬಾರ್‌ನ ಬಿಗಿ ಅದರ ದಪ್ಪ, ಉದ್ದ, ಉಕ್ಕಿನ ಮೇಲೆ ನಿಂತಿದೆ. ಬೋಲ್ಟ್ ತಿರುಗಿಸಿದರೆ ನಿಲ್ಲುವ ಎತ್ತರ ಮಾತ್ರ ಬದಲಾಗುತ್ತದೆ. ಕುಕ್ಕುವುದು ಯಾಕಂದರೆ, ಚಕ್ರ ಕೆಳಗಿಳಿಯೋಕೆ ಉಳಿದ ಜಾಗ ಕಡಿಮೆಯಾಗಿ ಅಪ್ಪರ್ ಆರ್ಮ್ ಹೋಗಿ ಇಳಿತ ತಡೆಯುವ ಡ್ರೂಪ್ ಸ್ಟಾಪ್ ರಬ್ಬರಿಗೆ ಬಡಿಯುತ್ತದೆ.

ಮಣ್ಣುದಾರಿ:
ನಾನು ಓಡಿಸಿ ನೋಡಿದವನು ಹೇಳ್ತಿದ್ದೇನೆ. ನೀವು ಪುಸ್ತಕ ಓದಿ ಹೇಳ್ತಿದ್ದೀರಿ.

ಗ್ರೀಸ್‌ಕೈ:
ದಪ್ಪ ಬಾರ್ ಹಾಕಿಸಿದ ಗಾಡಿ ಬಿಗಿಯಾಗಿದೆ ಅಂತೀರಿ. ಆಗದೆ ಇನ್ನೇನು?

ಲೆವೆಲ್‌ಲಿಂಗ:
ಒಂದು ಸಣ್ಣ ಅನುಮಾನ. ಮೂತಿ ಎತ್ತಿದರೆ ಇಡೀ ಚಾಸಿ ಹಿಂದಕ್ಕೆ ವಾಲುತ್ತದೆ. ಆಗ ಕ್ಯಾಸ್ಟರ್ ಜಾಸ್ತಿ ಆಗಬೇಕಲ್ವಾ? ವೀಲ್‌ಬೇಸ್ 3 ಮೀಟರ್ ಅಂತ ಇಟ್ಟುಕೊಳ್ಳಿ, ಮುಂದೆ 5 ಸೆಂ.ಮೀ. ಎತ್ತಿದರೆ ಸುಮಾರು 1 ಡಿಗ್ರಿ.

ಟಾರ್ಕ್‌ರಾಯ:
ಕಾಗದದ ಮೇಲೆ ಹಾಗೆ. ಆರ್ಮ್ ಕೆಳಗಿಳಿದಾಗ ಮೇಲಿನ ಬಾಲ್ ಜಾಯಿಂಟ್ ಮುಂದಕ್ಕೂ ಸರಿದರೆ ನಿಮ್ಮ 1 ಡಿಗ್ರಿ ಅಲ್ಲೇ ಕರಗಿ ಹೋಗುತ್ತದೆ. ಲೆಕ್ಕ ಬಿಡಿ, ಚೀಟಿ ನೋಡೋಣ.

ಹಳೇಗಾಡಿ:
ಬಾರ್ ಜಗಳ ಆಮೇಲೆ ಆಡಿ ಮಾರಾಯ್ರೇ. ಚೀಟಿ ಸಿಕ್ಕಿತು.
ಕ್ಯಾಂಬರ್ (ಚಕ್ರದ ತಲೆ ಹೊರಕ್ಕೋ ಒಳಕ್ಕೋ ವಾಲಿರುವ ಕೋನ, ಹೊರಕ್ಕಾದರೆ ಪಾಸಿಟಿವ್): ಎಡ +0.2, ಬಲ +0.9
ಕ್ಯಾಸ್ಟರ್: ಎಡ +1.6, ಬಲ +0.6
ಟೋ (ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಮಾತ್ರ ಸರಿ ಮಾಡಿದ್ದಾರೆ. ಉಳಿದಿದ್ದು ಕೆಂಪಲ್ಲೇ ಇದೆ. ಕೇಳಿದರೆ "ಹಳೇ ಗಾಡಿ, ಹೀಗೇ ಇರುತ್ತೆ" ಅಂದರು.

ಟಾರ್ಕ್‌ರಾಯ:
ನೋಡಿ, ನಾನು ಹೇಳಲಿಲ್ವಾ!

ಗ್ರೀಸ್‌ಕೈ:
ಎಳೆತಕ್ಕೆ ಇದು ಸಾಕು. ಗಾಡಿ ಕ್ಯಾಂಬರ್ ಜಾಸ್ತಿ ಪಾಸಿಟಿವ್ ಇರುವ ಕಡೆಗೆ, ಕ್ಯಾಸ್ಟರ್ ಕಡಿಮೆ ಇರುವ ಕಡೆಗೆ ಎಳೆಯುತ್ತದೆ. ನಿಮ್ಮದರಲ್ಲಿ ಎರಡೂ ಬಲಕ್ಕೇ ಬಿದ್ದಿವೆ. ಎರಡೂ ಕಡೆ ಎತ್ತರ ಸಮ ಇಲ್ಲ ಅಂತ ನನ್ನ ಊಹೆ. ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ಅಳೆಯಿರಿ, ನಾಲ್ಕೂ ಕಡೆ. ನೆಲದಿಂದ ಅಳೆದರೆ ಟೈರಿನ ಗಾಳಿಯ ವ್ಯತ್ಯಾಸವೂ ಸೇರಿಕೊಳ್ಳುತ್ತದೆ. ಜ್ಯಾಕ್ ಇಳಿಸಿದ ಕೂಡಲೇ ಅಳೆಯಬೇಡಿ. ಚಕ್ರಗಳು ಒಳಕ್ಕೆ ಸಿಕ್ಕಿಕೊಂಡು ನಿಂತಿರುತ್ತವೆ. ಸ್ವಲ್ಪ ಹಿಂದೆ ಮುಂದೆ ಓಡಿಸಿ, ಬಂಪರ್ ಒತ್ತಿ ಬಿಟ್ಟು, ಆಮೇಲೆ ಅಳೆಯಿರಿ.

ಆದರೆ ಟೋ ಸರಿ ಮಾಡಿದ ಮೇಲೂ ಕೆಡುತ್ತಿದೆ ಅಂದರಲ್ಲ, ಅದಕ್ಕೆ ಎತ್ತರವೂ ಕಾರಣವಲ್ಲ, ಕ್ಯಾಸ್ಟರೂ ಅಲ್ಲ. ಏನೋ ಸಡಿಲ ಇದೆ. ಸ್ಟೀರಿಂಗ್ ಜೋಡಣೆಯ ಆಚೆ ತುದಿ ಹಿಡಿದಿರುವ ಐಡ್ಲರ್ ಆರ್ಮ್ ನೋಡಿದ್ದೀರಾ?

ಟಾರ್ಕ್‌ರಾಯ:
ಐಡ್ಲರ್ ಯಾಕೆ? ಕ್ಯಾಸ್ಟರ್ ಸರಿ ಮಾಡಿದರೆ ತೇಲುವುದು ತಾನಾಗಿ ನಿಲ್ಲುತ್ತದೆ.

ಗ್ರೀಸ್‌ಕೈ:
ಈ ಟಾರ್ಶನ್ ಬಾರ್ ಹೈಲಕ್ಸ್‌ನಲ್ಲಿ ಐಡ್ಲರ್ ಆರ್ಮ್‌ನ ಬುಷ್ ಸವೆಯುವುದು ಹಳೇ ಕಥೆ. ಎತ್ತರಿಸಿದಾಗ ಚಕ್ರ ತಿರುಗಿಸುವ ಟೈ ರಾಡ್ ಇನ್ನೂ ಓರೆಯಾಗಿ ನಿಲ್ಲುತ್ತದೆ, ಐಡ್ಲರ್ ಮೇಲೆ ಕೆಳಗೆ ಎಳೆಯುವ ಬಲ ಜಾಸ್ತಿ ಆಗುತ್ತದೆ. ಅದು ಒಂದಿಷ್ಟು ಮೇಲೆ ಕೆಳಗೆ ಆಡಿದರೂ ಸಾಕು, ಟೋ ಬದಲಾಗುತ್ತದೆ. ಅಲೈನ್‌ಮೆಂಟ್ ಮಾಡುವಾಗ ಒಂದು ಜಾಗದಲ್ಲಿ ನಿಂತಿರುತ್ತದೆ, ರೋಡಿಗೆ ಇಳಿದ ಮೇಲೆ ಇನ್ನೊಂದು ಜಾಗ.

ಚಕ್ರಗಳು ನೆಲದ ಮೇಲೇ ಇರಲಿ, ಹ್ಯಾಂಡ್‌ಬ್ರೇಕ್ ಹಾಕಿ, ಇಂಜಿನ್ ಆನ್ ಇರಲಿ. ಇನ್ನೊಬ್ಬರು ಸ್ಟೀರಿಂಗನ್ನು ಸ್ವಲ್ಪವೇ ಎಡಕ್ಕೆ ಬಲಕ್ಕೆ ಆಡಿಸಲಿ. ನೀವು ಟಾರ್ಚ್ ಹಿಡಿದು ಕೆಳಗಿಂದ ಐಡ್ಲರ್ ಮೇಲೆ ಕಣ್ಣಿಡಿ. ಅದು ಅಡ್ಡಡ್ಡ ತಿರುಗಬೇಕು. ತಲೆ ಎತ್ತಿ ಇಳಿಸಬಾರದು.

ಟೈರಿನ ಅಡ್ಡಕ್ಕೆ ಅಂಗೈ ಸವರಿಯೂ ನೋಡಿ. ಒಂದು ದಿಕ್ಕಿಗೆ ನುಣುಪಾಗಿ, ವಾಪಸ್ ಬರುವಾಗ ಗರಗಸದ ಹಾಗೆ ಚುಚ್ಚಿದರೆ ಅದು ಟೋ. ಒಂದೇ ಅಂಚು ನುಣ್ಣಗೆ ಸವೆದಿದ್ದರೆ ಕ್ಯಾಂಬರ್.

ಹಳೇಗಾಡಿ:
ನೋಡಿದೆ. ಸ್ಟೀರಿಂಗ್ ಆಡಿಸಿದಾಗ ಐಡ್ಲರ್ ತಲೆ ಹಾಕಿದ ಹಾಗೆ ಮೇಲೆ ಕೆಳಗೆ ಹೋಗುತ್ತದೆ, ಬರಿಗಣ್ಣಿಗೇ ಕಾಣುತ್ತದೆ. ಬುಷ್ ಅಂಚಿನಿಂದ ಗ್ರೀಸು, ತುಕ್ಕು ಬೆರೆತ ಕಂದು ರಸ ಇಳಿದಿದೆ. ಟೈರ್ ಚುಚ್ಚುತ್ತದೆ, ಬಲಗಡೆ ಜಾಸ್ತಿ.
ಎತ್ತರ: ಮುಂದೆ ಬಲ ಎಡಕ್ಕಿಂತ 18 ಮಿ.ಮೀ. ಮೇಲಿದೆ. ಹಿಂದೆ ಎಡ ಬಲಕ್ಕಿಂತ 10 ಮಿ.ಮೀ. ಕೆಳಗಿದೆ.

ಲೆವೆಲ್‌ಲಿಂಗ:
ಹಿಂದಿನ ಎಡ ಲೀಫ್ ಕುಸಿದಿದೆ. ಹಿಂದೆ ಎಡ ಇಳಿದರೆ ಮುಂದೆ ಬಲ ಮೇಲೇಳುತ್ತದೆ. ಮೊದಲು ಅದನ್ನು ನೋಡಿಕೊಂಡು ಆಮೇಲೆ ಮುಂದಿನ ಬಾರ್ ಮುಟ್ಟಿ. ಇಲ್ಲದಿದ್ದರೆ ಒಂದು ಕಡೆ ಇಳಿಸಿ ಇನ್ನೊಂದು ಕಡೆ ಏರಿಸುತ್ತಾ ಕೂರಬೇಕಾಗುತ್ತದೆ.

ಗ್ರೀಸ್‌ಕೈ:
ಒಪ್ಪಿದೆ. ಹಿಂದಿನ ಲೀಫ್, ಐಡ್ಲರ್, ಎತ್ತರ, ಕೊನೆಗೆ ಅಲೈನ್‌ಮೆಂಟ್. ಟಾರ್ಶನ್ ಬಾರ್ ಎತ್ತರ ಹೊಂದಿಸುವ ಆಂಕರ್ ಬೋಲ್ಟ್ ಮುಟ್ಟುವ ಮುಂಚೆ ಚಾಸಿಗೆ ಜ್ಯಾಕ್ ಕೊಟ್ಟು ಭಾರ ಇಳಿಸಿ, ಸ್ಟ್ಯಾಂಡ್ ಹಾಕಿ. ಭಾರದ ಮೇಲೆ ತಿರುಗಿಸಿದರೆ ಬೋಲ್ಟಿನ ಮರೆ (ಥ್ರೆಡ್) ಕಿತ್ತು ಬರುತ್ತದೆ. ಹೊರಗೆ ಕಾಣುವ ಬೋಲ್ಟಿನ ಉದ್ದ ಅಳೆದು ಬರೆದಿಟ್ಟುಕೊಳ್ಳಿ. ಅಲೈನ್‌ಮೆಂಟ್‌ನವರಿಗೆ ಟೋ ಒಂದೇ ಸಾಲದು, ಕ್ಯಾಮ್ ಬೋಲ್ಟೂ ತಿರುಗಿಸಬೇಕು ಅಂತ ಮೊದಲೇ ಹೇಳಿ.

ಹಳೇಗಾಡಿ:
ಐಡ್ಲರ್ ಹೊಸದು ಹಾಕಿದೆ, ಲೀಫ್ ಸೆಟ್ ಮಾಡಿಸಿದೆ. ಮುಂದಿನ ವ್ಯತ್ಯಾಸ ಈಗ 4 ಮಿ.ಮೀ. ಟೋ ನಿಂತಿದೆ, ತೇಲುವುದು ಬಹಳ ಕಡಿಮೆಯಾಗಿದೆ. ಆದರೆ ಬಲಗಡೆ ಹಿಂದಿನ ಕ್ಯಾಮ್ ಬೋಲ್ಟ್ ಬುಷ್‌ನ ಒಳಗಿನ ಪೈಪಿಗೆ ತುಕ್ಕು ಹಿಡಿದು ಕಚ್ಚಿಕೊಂಡಿದೆ. ಎಣ್ಣೆ ಬಿಟ್ಟು ನೆನೆಸಿದರೂ ಜಪ್ಪಯ್ಯ ಅನ್ನಲ್ಲ. ಕ್ಯಾಸ್ಟರ್ ಇನ್ನೂ ಕಡಿಮೆಯೇ ಇದೆ, ಸ್ವಲ್ಪ ಎಳೆಯುತ್ತದೆ.

ಟಾರ್ಕ್‌ರಾಯ:
ಕ್ಯಾಸ್ಟರ್. ಮೊದಲ ದಿನವೇ ಹೇಳಿದ್ದೆ.

ಗ್ರೀಸ್‌ಕೈ:
ಬಿಸಿ ಮಾಡಿ ಬಡಿಯೋಕೆ ಹೋಗಬೇಡಿ, ಬುಷ್ ರಬ್ಬರ್ ಸುಟ್ಟು ಹೋಗುತ್ತದೆ. ಆರ್ಮ್‌ಗೂ ಬ್ರಾಕೆಟ್‌ಗೂ ನಡುವೆ ಬೋಲ್ಟನ್ನು ಎರಡೂ ಕಡೆ ಕತ್ತರಿಸಿ ತೆಗೆಯಿರಿ. ಹೊಸ ಬೋಲ್ಟ್, ಕ್ಯಾಮ್, ಬುಷ್ ಮೂರೂ ಮೊದಲೇ ತರಿಸಿಟ್ಟುಕೊಳ್ಳಿ. ಕೂರಿಸುವಾಗ ಬೋಲ್ಟಿಗೆ ಗ್ರೀಸ್ ಬಳಿಯಿರಿ.

ಹಳೇಗಾಡಿ:
ತರಿಸ್ತಿದ್ದೇನೆ. ಬಂದ ಮೇಲೆ ಚೀಟಿ ಹಾಕ್ತೇನೆ.

ಮಣ್ಣುದಾರಿ:
ಹೇಗೂ ಆರ್ಮ್ ಬಿಚ್ಚುತ್ತೀರಲ್ಲ, 33 ಇಂಚು ಹಾಕಿಬಿಡಿ. ನನ್ನ ಗಾಡಿ ಫೋಟೋ ಬೇಕಿದ್ದರೆ ಹಾಕ್ತೇನೆ.

ಲೆವೆಲ್‌ಲಿಂಗ:
33 ಇಂಚು ಫೆಂಡರ್ ಒಳಗೆ ಉಜ್ಜಲ್ವಾ? ಏನೇನು ಕತ್ತರಿಸಿದಿರಿ?