ಸಹಾಯ ಬೇಕು: ಸೆಟ್‌ಟಾಪ್ ಬಾಕ್ಸ್ ಹಾಕಿದರೆ ಹಿಂದಿನ ಸ್ಪೀಕರ್‌ಗಳು ಮೌನ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತುಮಕೂರಿನ ಎಸ್.ಎಸ್. ಪುರಂನಲ್ಲಿ. ಹೋದ ತಿಂಗಳು 5.1 ಹೋಮ್ ಥಿಯೇಟರ್ ತಂದೆವು. ಮುಂದೆ ಮೂರು ಸ್ಪೀಕರ್, ಸೋಫಾ ಹಿಂದೆ ಎರಡು, ಮೂಲೆಯಲ್ಲಿ ಸಬ್‌ವೂಫರ್. ಸೆಟ್‌ಟಾಪ್ ಬಾಕ್ಸ್ ಟಿವಿಗೆ, ಟಿವಿಯ ಎಚ್‌ಡಿಎಂಐ ಆರ್ಕ್ ಪೋರ್ಟ್‌ನಿಂದ (ಟಿವಿಯ ಶಬ್ದ ಹೊರಗೆ ಕಳಿಸುವ ಪೋರ್ಟ್) ರಿಸೀವರ್‌ಗೆ (ಸ್ಪೀಕರ್‌ಗಳನ್ನು ನಡೆಸುವ ಪೆಟ್ಟಿಗೆ) ಒಂದು ಕೇಬಲ್.

ಟೆಸ್ಟ್ ಟೋನ್ ಹಾಕಿದರೆ ಎಲ್ಲ ಸ್ಪೀಕರ್‌ಗಳಿಂದಲೂ ಶಬ್ದ ಬರುತ್ತದೆ. ಹಾಗಾಗಿ ವೈರಿಂಗ್ ಸರಿಯಿದೆ ಅಂದುಕೊಂಡಿದ್ದೇನೆ. ಆದರೆ ಸಿನಿಮಾ ಹಾಕಿದರೆ ಹಿಂದಿನ ಎರಡೂ ಸುಮ್ನೆ ಕೂತಿದ್ದವು. ರಿಸೀವರ್‌ನಲ್ಲಿ ಪಿಸಿಎಂ 2.0 (ಬರೀ ಎರಡು ಚಾನೆಲ್‌ನ ಸ್ಟೀರಿಯೊ ಶಬ್ದ) ಅಂತ ತೋರಿಸುತ್ತಿತ್ತು. ಟಿವಿಯ ಆಡಿಯೊ ಔಟ್‌ಪುಟ್ಟನ್ನು ಪಿಸಿಎಂನಿಂದ ಬಿಟ್‌ಸ್ಟ್ರೀಮ್‌ಗೆ (ಶಬ್ದವನ್ನು ಟಿವಿ ಬಿಡಿಸದೆ ಹಾಗೇ ರಿಸೀವರ್‌ಗೆ ಕಳಿಸುವ ಆಯ್ಕೆ) ಬದಲಿಸಿದೆ. ಟಿವಿಯೊಳಗಿನ ಓಟಿಟಿ ಆ್ಯಪ್‌ನಲ್ಲಿ ಈಗ ಡಾಲ್ಬಿ ಡಿಜಿಟಲ್ (ಸರೌಂಡ್ ಶಬ್ದ) ಬರುತ್ತಿದೆ, ಹಿಂದಿನವೂ ಚೆನ್ನಾಗಿ ಕೇಳುತ್ತವೆ.

ಸೆಟ್‌ಟಾಪ್ ಬಾಕ್ಸ್‌ಗೆ ಬಂದರೆ ಮಾತ್ರ ಮತ್ತೆ 2.0. ಕೇಬಲ್ ಬದಲಿಸಿದೆ, ಎಲ್ಲವನ್ನೂ ಆಫ್ ಮಾಡಿ ಆನ್ ಮಾಡಿದೆ. ಅಂಗಡಿಯವರು ರಿಸೀವರ್‌ನಲ್ಲಿ ಆಲ್ ಚಾನೆಲ್ ಸ್ಟೀರಿಯೊ (ಎಲ್ಲ ಸ್ಪೀಕರ್‌ಗೂ ಅದೇ ಸ್ಟೀರಿಯೊ ಶಬ್ದ ಕಳಿಸುವ ಮೋಡ್) ಇಡಿ ಅಂದರು. ಇಟ್ಟೆ. ಹಿಂದಿನಿಂದಲೂ ಅದೇ ಡೈಲಾಗ್ ಬರತೊಡಗಿತು. "ಯಾರೋ ಬೆನ್ನ ಹಿಂದೆ ನಿಂತು ಮಾತಾಡ್ತಾರೆ ಕಣೋ" ಅಂತ ಅಜ್ಜಿ ಎರಡು ಸಲ ತಿರುಗಿ ನೋಡಿದರು! ಅದು ಸರೌಂಡ್ ಅಲ್ಲ, ಅಲ್ವಾ?

ಡೈಲಾಗ್ ಸಣ್ಣಗೆ ಕೇಳುತ್ತಿತ್ತು, ಸೆಂಟರ್ ಸ್ಪೀಕರನ್ನು 3 ಡೆಸಿಬೆಲ್ ಏರಿಸಿದ ಮೇಲೆ ಅದು ಸರಿಹೋಯಿತು.

ಗೊತ್ತಿರುವವರು ಹೇಳಿ: ಟಿವಿ ಚಾನೆಲ್‌ನವರೇ ಬರೀ ಸ್ಟೀರಿಯೊ ಶಬ್ದ ಕಳಿಸುತ್ತಿದ್ದಾರಾ, ಇಲ್ಲ ಸೆಟ್‌ಟಾಪ್ ಬಾಕ್ಸ್‌ನ ಮೆನುವಿನಲ್ಲೂ ಆಡಿಯೊ ಸೆಟ್ಟಿಂಗ್ ಬದಲಿಸಬೇಕಾ? ಬಾಕ್ಸನ್ನು ನೇರವಾಗಿ ರಿಸೀವರ್‌ಗೆ ಹಾಕಿದರೆ ಏನಾದರೂ ವ್ಯತ್ಯಾಸ ಆಗುತ್ತದಾ?