ಕರಾವಳಿಯ ಮಳೆಗಾಲದಲ್ಲಿ ಸೌರವಿದ್ಯುತ್ತನ್ನೇ ನೆಚ್ಚಿಕೊಂಡು ಮನೆ ನಡೆಸಬಹುದೇ?

ಪ್ರಶ್ನೆ (ಬ್ರಹ್ಮಾವರದಿಂದ)

ಮಾನ್ಯರೇ, ಬ್ರಹ್ಮಾವರದ ಸಮೀಪ ನಾವು ಹೊಸದಾಗಿ ತಾರಸಿ ಮನೆಯೊಂದನ್ನು ಕಟ್ಟಿಸುತ್ತಿದ್ದೇವೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿದರೆ ವಿದ್ಯುತ್ ಮರಳಲು ತಡವಾಗುವುದರಿಂದ, ಮನೆಯನ್ನು ಆದಷ್ಟು ಮಟ್ಟಿಗೆ ಸೌರವಿದ್ಯುತ್ತಿನಲ್ಲಿಯೇ ನಡೆಸಬೇಕೆಂಬುದು ನಮ್ಮ ಇಚ್ಛೆ. ಅಡುಗೆಗೆ ಗ್ಯಾಸ್ ಇದೆ, ಸ್ನಾನದ ನೀರು ಬಚ್ಚಲ ಹಂಡೆಯಲ್ಲಿ ಕಾಯುತ್ತದೆ. ಫ್ರಿಜ್, ನಾಲ್ಕು ಫ್ಯಾನ್, ದೀಪಗಳು, ಟಿವಿ, ಮಿಕ್ಸಿ, ಗ್ರೈಂಡರ್ ಮತ್ತು ಬಾವಿಯ 1 ಎಚ್‌ಪಿ ಪಂಪು ಸೇರಿ ದಿನಕ್ಕೆ ಸುಮಾರು 5 ಯೂನಿಟ್ ಬೇಕಾಗಬಹುದೆಂದು ಲೆಕ್ಕ ಹಾಕಿದ್ದೇನೆ.

ಒಬ್ಬ ಮಾರಾಟಗಾರರು 3 ಕಿಲೋವ್ಯಾಟ್ ಪ್ಯಾನೆಲ್ ಹಾಗೂ ಬಿಸಿಲಿಲ್ಲದ ಮೂರು ದಿನಗಳಿಗೆಂದು 15 ಯೂನಿಟ್‌ನ ಲಿಥಿಯಂ ಬ್ಯಾಟರಿ ಹಾಕಿಸಿ ಎನ್ನುತ್ತಾರೆ; ಇನ್ನೊಬ್ಬರು ನಾಲ್ಕು ಟ್ಯೂಬುಲರ್ (ಸೀಸ-ಆಮ್ಲದ) ಬ್ಯಾಟರಿಗಳೇ ಸಾಕೆನ್ನುತ್ತಾರೆ. ಯಾವುದು ಸರಿ? ಮೆಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಸಂಪರ್ಕವನ್ನು ಬಿಟ್ಟುಬಿಡಬಹುದೇ? ಸಬ್ಸಿಡಿ ದೊರೆಯುತ್ತದೆಯೇ?

ಉತ್ತರ 1 (ಸುರತ್ಕಲ್‌ನಿಂದ)

ನಿಮ್ಮ ಲೆಕ್ಕದಲ್ಲಿ ಇನ್ವರ್ಟರ್ ತಾನೇ ತಿನ್ನುವ ವಿದ್ಯುತ್ ಸೇರಿಲ್ಲ. ಯಾವ ಉಪಕರಣವೂ ಓಡದಿದ್ದಾಗಲೂ ಅದು 50 ವ್ಯಾಟ್ ಎಳೆದರೆ ದಿನಕ್ಕೆ 1.2 ಯೂನಿಟ್ ಆಯಿತು. ಆದ್ದರಿಂದ ನಿಮ್ಮ ಅಗತ್ಯವನ್ನು 6 ಯೂನಿಟ್‌ಗಿಂತ ಮೇಲೆಯೇ ಹಿಡಿಯಿರಿ. ಫ್ಯಾನ್‌ಗಳನ್ನು ಇನ್ನೂ ಕೊಂಡಿಲ್ಲವಾದರೆ ಬಿಎಲ್‌ಡಿಸಿ ಫ್ಯಾನ್ ಕೊಳ್ಳಿ. ಹಳೆಯ ಮಾದರಿಯವು ಎಳೆಯುವ 75 ವ್ಯಾಟ್‌ನ ಅರ್ಧದಷ್ಟೂ ಅವುಗಳಿಗೆ ಬೇಕಾಗದು.

ಮೂರು ದಿನದ ಬ್ಯಾಟರಿ ಎಂಬ ಸಲಹೆ ನಮ್ಮ ಜಿಲ್ಲೆಗಳಿಗೆ ಹೊಂದುವುದಿಲ್ಲ. ಬ್ಯಾಟರಿ ವಿದ್ಯುತ್ತನ್ನು ಕೂಡಿಡುತ್ತದೆಯೇ ಹೊರತು ಉತ್ಪಾದಿಸುವುದಿಲ್ಲ. ಒಳ್ಳೆಯ ಬಿಸಿಲಿನ ದಿನ 1 ಕಿಲೋವ್ಯಾಟ್ ಪ್ಯಾನೆಲ್‌ನಿಂದ ಸುಮಾರು 4 ಯೂನಿಟ್ ಬಂದರೆ, ಆಟಿ ತಿಂಗಳ (ಜುಲೈ-ಆಗಸ್ಟ್) ದಟ್ಟ ಮೋಡದ ದಿನ ಬರುವುದು 1 ಯೂನಿಟ್‌ನ ಆಸುಪಾಸು. ಅಂತಹ ವಾರದಲ್ಲಿ 3 ಕಿಲೋವ್ಯಾಟ್ ಪ್ಯಾನೆಲ್‌ಗಳು ಕೊಡುವ 3 ಯೂನಿಟ್ ಆ ದಿನದ ಖರ್ಚಿಗೇ ಸಾಲದಿರುವಾಗ, ಬರಿದಾದ ದೊಡ್ಡ ಬ್ಯಾಟರಿಯನ್ನು ತುಂಬುವುದು ಹೇಗೆ? ಅದೇ ಹಣದ ಒಂದು ಭಾಗವನ್ನು ಪ್ಯಾನೆಲ್‌ಗೆ ತಿರುಗಿಸಿ 5 ಕಿಲೋವ್ಯಾಟ್ ಹಾಕಿಸಿದರೆ, ಅತ್ಯಂತ ಮಂಕು ದಿನಗಳಲ್ಲಿಯೂ ಅಗತ್ಯದ ಬಹುಪಾಲು ಹಗಲಿನಲ್ಲಿಯೇ ದೊರೆಯುತ್ತದೆ. ಮಾರ್ಚ್ ತಿಂಗಳ ಬಿಸಿಲನ್ನು ನೋಡಿ ಪ್ಯಾನೆಲ್ ಲೆಕ್ಕ ಹಾಕಬಾರದು, ಜುಲೈಯನ್ನು ನೋಡಿ ಹಾಕಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬ್ಯಾಟರಿ ಒಂದು ರಾತ್ರಿಯನ್ನು ದಾಟಿಸಿದರೆ ಸಾಕು. 51.2 ವೋಲ್ಟ್, 100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 5.12 ಯೂನಿಟ್ ಇರುತ್ತದೆ. ಅದರ ಶೇಕಡಾ 80ರಷ್ಟನ್ನು ಬಳಸಿದರೂ 4 ಯೂನಿಟ್ ಸಿಕ್ಕಿತು. ಮುಂದೆ ಅದೇ ಕಂಪನಿಯ ಎರಡನೆಯದನ್ನು ಜೋಡಿಸಲು ಜಾಗ ಬಿಟ್ಟಿರಿ. ಟ್ಯೂಬುಲರ್ ಬ್ಯಾಟರಿಗಳು 150 ಆಂಪಿಯರ್ ಅವರ್‌ನವಾದರೆ ನಾಲ್ಕು ಸೇರಿ 7.2 ಯೂನಿಟ್ ಎಂದು ಕಾಗದದ ಮೇಲೆ ಕಂಡರೂ, ಅವು ಬಾಳಿಕೆ ಬರಬೇಕಾದರೆ ಅರ್ಧದಷ್ಟನ್ನೇ ಬಳಸಬೇಕು. ಮೇಲಾಗಿ ಅವನ್ನು ತುಂಬಿಸುವಾಗ ಪೋಲಾಗುವ ವಿದ್ಯುತ್ ಹೆಚ್ಚು, ಮಳೆಗಾಲದಲ್ಲಿ ನಮಗೆ ಕೊರತೆಯಾಗುವುದೂ ಅದೇ.

ಮೆಸ್ಕಾಂ ಸಂಪರ್ಕವನ್ನು ದಯವಿಟ್ಟು ಬಿಡಬೇಡಿ. ಬ್ಯಾಟರಿ ಶೇಕಡಾ 30ಕ್ಕೆ ಇಳಿದಾಗ ಮಾತ್ರ ಲೈನಿನಿಂದ ವಿದ್ಯುತ್ ಪಡೆಯುವಂತೆ, ಪ್ಯಾನೆಲ್, ಬ್ಯಾಟರಿ, ಲೈನು ಮೂರನ್ನೂ ನಿಭಾಯಿಸುವ ಹೈಬ್ರಿಡ್ ಇನ್ವರ್ಟರ್‌ನಲ್ಲಿ ಹೊಂದಿಸಿಡಬಹುದು. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಮತ್ತು ಅದಕ್ಕೂ ಹೆಚ್ಚಿನದಕ್ಕೆ ಗರಿಷ್ಠ 78,000 ರೂಪಾಯಿ ಸಬ್ಸಿಡಿ ಇರುವುದು ಲೈನಿಗೆ ಜೋಡಿಸಿದ ಘಟಕಗಳಿಗೆ ಮಾತ್ರ. ಆದರೆ ಬ್ಯಾಟರಿಯಿಲ್ಲದೆ ಲೈನಿಗೆ ಮಾತ್ರ ಜೋಡಿಸುವ ಗ್ರಿಡ್ ಇನ್ವರ್ಟರ್ ಹಾಕಿಸಿದರೆ, ಲೈನ್‌ಮನ್‌ಗಳ ಸುರಕ್ಷತೆಗಾಗಿ, ಕರೆಂಟ್ ಹೋದ ಕೂಡಲೇ ಅದೂ ನಿಲ್ಲುತ್ತದೆ. ನೀವು ಆರಿಸುವ ಹೈಬ್ರಿಡ್ ಮಾದರಿಗೆ ನೆಟ್ ಮೀಟರ್ (ಲೈನಿಗೆ ಕೊಟ್ಟ ಮತ್ತು ಪಡೆದ ವಿದ್ಯುತ್ತನ್ನು ಅಳೆಯುವ ಮೀಟರ್) ಅನುಮತಿಯೂ ಸಬ್ಸಿಡಿಯೂ ಸಿಗುವುದೆಂದು ಹಣ ಕೊಡುವ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ.

ಉತ್ತರ 2 (ಕಾಪುವಿನಿಂದ)

ಸಮುದ್ರದ ಉಪ್ಪುಗಾಳಿಯನ್ನು ಮರೆಯದಿರಿ. ಪ್ಯಾನೆಲ್‌ಗಳು ಐಇಸಿ 61701 ಉಪ್ಪುಮಂಜಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಲಿ, ಬೋಲ್ಟ್‌ಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತವನ್ನು ಕಂಡ ನಾವು ಚೌಕಟ್ಟಿನ ಬಿಗಿತದಲ್ಲಿ ಉಳಿತಾಯ ಮಾಡಬಾರದು. ಉಡುಪಿಯ ಅಕ್ಷಾಂಶ ಸುಮಾರು 13 ಡಿಗ್ರಿಯಾದ್ದರಿಂದ ಮತ್ತು ಜೂನ್‌ನಲ್ಲಿ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುವುದರಿಂದ, ದಕ್ಷಿಣಕ್ಕೆ 10ರಿಂದ 13 ಡಿಗ್ರಿ ಓರೆ ಸಾಕು. ತಗ್ಗಾಗಿದ್ದಷ್ಟು ಗಾಳಿಯ ಹೊಡೆತವೂ ಕಡಿಮೆ.

ಉತ್ತರ 3 (ಕಾರ್ಕಳದಿಂದ)

ವಯರಿಂಗ್ ಕೆಲಸ ಮಾಡುವವನಾಗಿ ಎರಡು ವಿಷಯಗಳನ್ನು ಸೇರಿಸುತ್ತೇನೆ. 1 ಎಚ್‌ಪಿ ಪಂಪು ಓಡುವಾಗ ಎಳೆಯುವುದು 1 ಕಿಲೋವ್ಯಾಟ್‌ನಷ್ಟಾದರೂ, ಚಾಲೂ ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಕೇಳುತ್ತದೆ. ಇನ್ವರ್ಟರ್ 5 ಕಿಲೋವ್ಯಾಟ್‌ನದಾಗಿರಲಿ, ಟ್ಯಾಂಕಿಯನ್ನು ಹಗಲು ಹನ್ನೊಂದರಿಂದ ಎರಡರೊಳಗೆ ತುಂಬಿಸುವ ರೂಢಿಯಿರಲಿ.

ಎರಡನೆಯದು ಸಿಡಿಲು. ಪತ್ತನಾಜೆಗೆ (ಮೇ ಕೊನೆಯ ಭಾಗದ ತುಳು ಆಚರಣೆ) ಮುಂಚಿನ ಗುಡುಗು ಮಳೆಯಲ್ಲಿಯೂ ಅಕ್ಟೋಬರ್‌ನಲ್ಲಿಯೂ ಇನ್ವರ್ಟರ್‌ಗಳು ಸುಟ್ಟುಹೋಗುವುದನ್ನು ನಾನು ಕಾಣುತ್ತಿರುತ್ತೇನೆ. ಮುರಕಲ್ಲಿನ ನೆಲದಲ್ಲಿ ಅರ್ಥಿಂಗ್ ಸುಲಭವಾಗಿ ಸಿಗುವುದಿಲ್ಲ; ಗುಂಡಿ ತೋಡಿದ ಮೇಲೆ ಮೀಟರ್ ಹಿಡಿದು ಅಳೆಯಲೇಬೇಕು, ಅದೂ ನೆಲ ಒಣಗಿರುವ ಏಪ್ರಿಲ್‌ನಲ್ಲಿ. ಪ್ಯಾನೆಲ್ ಚೌಕಟ್ಟಿನ ಅರ್ಥನ್ನೂ ಮನೆಯ ಅರ್ಥನ್ನೂ ಒಂದಕ್ಕೊಂದು ಜೋಡಿಸದೆ ಬಿಟ್ಟರೆ, ಸಿಡಿಲಿನ ವೇಳೆ ಅವುಗಳ ನಡುವಿನ ವೋಲ್ಟೇಜ್ ವ್ಯತ್ಯಾಸ ಇನ್ವರ್ಟರ್‌ನ ಮೂಲಕವೇ ಹಾಯುತ್ತದೆ. ಡಿಸಿ (ಪ್ಯಾನೆಲ್) ಮತ್ತು ಎಸಿ (ಮನೆ) ಎರಡೂ ಕಡೆಗಳಲ್ಲಿ, ಹಠಾತ್ತನೆ ಏರುವ ವೋಲ್ಟೇಜನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಬ್ಯಾಟರಿಯನ್ನು ತಗಡಿನ ಮಾಡಿನ ಕೆಳಗೆ ಇಡಬೇಡಿ, ಸೆಕೆಗೆ ಅದರ ಆಯುಸ್ಸು ತಗ್ಗುತ್ತದೆ.

ಪ್ರಶ್ನಿಸಿದವರು

ಎಲ್ಲರಿಗೂ ಕೃತಜ್ಞತೆಗಳು. ಸುರತ್ಕಲ್‌ನವರಲ್ಲಿ ಒಂದು ಸಂದೇಹ: ತಾರಸಿಯ ಪಶ್ಚಿಮಕ್ಕಿರುವ ತೆಂಗಿನ ಮರಗಳ ನೆರಳು ಮೂರು ಗಂಟೆಯ ನಂತರ ಕೆಲವು ಪ್ಯಾನೆಲ್‌ಗಳ ಮೇಲೆ ಬೀಳುತ್ತದೆ. ಮರ ಕಡಿಯಲು ಮನೆಯವರು ಒಪ್ಪುವುದಿಲ್ಲ.

ಉತ್ತರ (ಸುರತ್ಕಲ್‌ನಿಂದ)

ಕಡಿಯುವ ಅಗತ್ಯವಿಲ್ಲ. ಎರಡು ಎಂಪಿಪಿಟಿ (ಪ್ಯಾನೆಲ್ ಸಾಲಿನಿಂದ ಗರಿಷ್ಠ ವಿದ್ಯುತ್ ಪಡೆಯುವ ನಿಯಂತ್ರಕ) ಇರುವ ಇನ್ವರ್ಟರ್ ಆರಿಸಿ, ನೆರಳು ಬೀಳುವ ಪಶ್ಚಿಮದ ಪ್ಯಾನೆಲ್‌ಗಳನ್ನು ಒಂದು ಸಾಲಾಗಿಯೂ ಉಳಿದವನ್ನು ಇನ್ನೊಂದು ಸಾಲಾಗಿಯೂ ಬೇರೆ ಬೇರೆ ಜೋಡಿಸಿದರೆ, ಒಂದರ ನೆರಳು ಇನ್ನೊಂದರ ಉತ್ಪಾದನೆಯನ್ನು ಕುಗ್ಗಿಸುವುದಿಲ್ಲ. ಪಶ್ಚಿಮದ ಸಾಲಿನಲ್ಲಿ ಎಷ್ಟು ಪ್ಯಾನೆಲ್‌ಗಳಿದ್ದರೆ ಇನ್ವರ್ಟರ್ ಕೇಳುವ ಕನಿಷ್ಠ ವೋಲ್ಟೇಜ್ ಸಿಗುತ್ತದೆ ಎಂಬುದನ್ನು ಅದರ ಕೈಪಿಡಿಯಲ್ಲಿ ನೋಡಿಯೇ ತೀರ್ಮಾನಿಸಿ.